ಮೂಲೆಯ ಯಂತ್ರ, ನೆಲಮಾಳಿಗೆಯ ಮೀಟರ್: ಬ್ರಿಟನ್ನಿನ ಪಬ್ ಬಾಡಿಗೆದಾರರ ಹಳೆಯ ತಕರಾರು

ಇಂಗ್ಲೆಂಡಿನಲ್ಲಿ ಪಬ್ ನಡೆಸುವವರಿಗೆ ಎರಡು ಜೂಜುಯಂತ್ರಗಳನ್ನು ಇಟ್ಟುಕೊಳ್ಳುವ ಹಕ್ಕನ್ನು ಕಾನೂನೇ ಕೊಟ್ಟಿದೆ. ಮದ್ಯ ಮಾರಾಟದ ಪರವಾನಗಿ ಇದ್ದರೆ ಸಾಕು, ಸ್ಥಳೀಯ ಆಡಳಿತಕ್ಕೆ ತಿಳಿಸಿ 50 ಪೌಂಡ್ ಶುಲ್ಕ ಕಟ್ಟಿದರೆ ಮುಗಿಯಿತು. ಹಣ್ಣಿನ ಚಿತ್ರಗಳು ಗಿರಗಿರನೆ ತಿರುಗುವ, ಒಂದು ಪೌಂಡ್ ಹಾಕಿ ಆಡಿದರೆ ಹೆಚ್ಚೆಂದರೆ ನೂರು ಪೌಂಡ್ ಗೆಲ್ಲಬಹುದಾದ ‘ಫ್ರೂಟ್ ಮಷೀನ್’ಗಳು ಇವು. 2005ರ ಜೂಜು ಕಾಯ್ದೆ ಈ ಹಕ್ಕನ್ನು ಕೊಟ್ಟಿದ್ದು ಪಬ್ಬಿನ ಪರವಾನಗಿದಾರನಿಗೆ. ಆದರೆ ಯಾವ ಯಂತ್ರ ಇಡಬೇಕು, ಯಾರಿಂದ ತರಬೇಕು, ವಾರಕ್ಕೆ ಎಷ್ಟು ಬಾಡಿಗೆ, ಬಂದ ಹಣದಲ್ಲಿ ಯಾರ ಪಾಲು ಎಷ್ಟು ಎಂಬುದನ್ನೆಲ್ಲ ಸಾವಿರಾರು ಪಬ್‌ಗಳಲ್ಲಿ ದಶಕಗಳ ಕಾಲ ನಿರ್ಧರಿಸುತ್ತಿದ್ದದ್ದು ಕಟ್ಟಡದ ಒಡೆತನವಿದ್ದ ಕಂಪನಿ.

ಬ್ರಿಟನ್ನಿನ ಪಬ್‌ಗಳ ಬಗ್ಗೆ ಸ್ವಲ್ಪ ಓದಿಕೊಂಡವರಿಗೆ ‘ಬಿಯರ್ ಟೈ’ ಗೊತ್ತಿರುತ್ತದೆ. ಕಟ್ಟಡವನ್ನು ಬಾಡಿಗೆಗೆ ಕೊಡುವ ಕಂಪನಿ, ‘ಬಿಯರನ್ನು ನನ್ನಿಂದಲೇ ಅಥವಾ ನಾನು ಹೇಳಿದವರಿಂದಲೇ, ನಾನು ಹೇಳಿದ ಬೆಲೆಗೆ ಕೊಳ್ಳಬೇಕು’ ಎಂದು ಕರಾರಿನಲ್ಲಿ ಬರೆಸಿಕೊಳ್ಳುತ್ತದೆ. ಬದಲಿಗೆ ಕಟ್ಟಡದ ಬಾಡಿಗೆಯಲ್ಲಿ ರಿಯಾಯಿತಿ ಸಿಗುತ್ತದೆ ಎಂಬುದು ಅದರ ವಾದ. ಈ ಏರ್ಪಾಡು ನ್ಯಾಯವೇ ಅನ್ಯಾಯವೇ ಎಂದು ಅಲ್ಲಿನ ಸಂಸತ್ತು, ನ್ಯಾಯಾಲಯಗಳು, ಕುಡಿಯುವವರ ಸಂಘಗಳು ಮೂವತ್ತೈದು ವರ್ಷಗಳಿಂದ ಜಗಳವಾಡುತ್ತಿವೆ. ಆ ಗದ್ದಲದಲ್ಲಿ ಉಪಕರಣಗಳ ಮಾತು ಯಾವಾಗಲೂ ಅಡಿಟಿಪ್ಪಣಿಯಾಗಿಯೇ ಉಳಿಯಿತು. ಮೂಲೆಯಲ್ಲಿ ನಿಂತ ಜೂಜುಯಂತ್ರ, ನೆಲಮಾಳಿಗೆಯಲ್ಲಿ ಬಿಯರ್ ಪೈಪಿಗೆ ಕಚ್ಚಿಕೊಂಡ ಮೀಟರ್, ಬಿಯರನ್ನು ತಂಪು ಮಾಡುವ ಕೂಲರ್, ಕೌಂಟರಿನ ಮೇಲಿನ ನಲ್ಲಿ ಇವೆಲ್ಲ ಯಾರದು, ಯಾರ ಲೆಕ್ಕಕ್ಕೆ ದುಡಿಯುತ್ತವೆ ಎಂದು ನೋಡಿದರೆ ಒಡೆಯ ಮತ್ತು ಬಾಡಿಗೆದಾರರ ಸಂಬಂಧ ಬಿಯರ್ ದರದ ಪಟ್ಟಿಗಿಂತ ಸ್ಪಷ್ಟವಾಗಿ ಕಾಣುತ್ತದೆ ಎಂಬುದು ನನ್ನ ಅಭಿಪ್ರಾಯ. ಬಿಯರ್ ತಯಾರಿಸುವವನು ತನ್ನ ಬಿಯರನ್ನೇ ಮಾರು ಎಂದರೆ ಅದರಲ್ಲಿ ಒಂದು ತರ್ಕವಾದರೂ ಇದೆ. ತಾನು ತಯಾರಿಸದ, ತಾನು ರಿಪೇರಿ ಮಾಡದ, ತನ್ನ ಹೆಸರಿನಲ್ಲಿ ತೆರಿಗೆ ಕಟ್ಟದ ಯಂತ್ರದ ಆದಾಯದಲ್ಲಿ ಅರ್ಧ ಕೇಳುವುದಕ್ಕೆ ಯಾವ ತರ್ಕ?

ಇದು ಹೇಗೆ ಶುರುವಾಯಿತು ಎಂಬುದಕ್ಕೆ 1989ಕ್ಕೆ ಹೋಗಬೇಕು. ಆಗ ಬ್ರಿಟನ್ನಿನ ಬಿಯರ್ ಮಾರುಕಟ್ಟೆ ಆರು ದೊಡ್ಡ ತಯಾರಕರ ಮುಷ್ಟಿಯಲ್ಲಿತ್ತು. ಸಾವಿರಾರು ಪಬ್‌ಗಳೂ ಅವರವೇ. ಏಕಸ್ವಾಮ್ಯ ಆಯೋಗ ವರದಿ ಕೊಟ್ಟ ಮೇಲೆ ಸರ್ಕಾರ ‘ಬಿಯರ್ ಆರ್ಡರ್ಸ್’ ಎಂಬ ಆದೇಶ ಹೊರಡಿಸಿತು. ಎರಡು ಸಾವಿರಕ್ಕಿಂತ ಹೆಚ್ಚು ಪಬ್ ಇರುವ ತಯಾರಕರು ಹೆಚ್ಚುವರಿಯಲ್ಲಿ ಅರ್ಧದಷ್ಟನ್ನು ಟೈನಿಂದ ಬಿಡುಗಡೆ ಮಾಡಬೇಕು ಎಂಬುದು ಅದರ ತಿರುಳು. ಆದೇಶ ಕಟ್ಟಿಹಾಕಿದ್ದು ಬಿಯರ್ ತಯಾರಕರನ್ನು. ಬಿಯರ್ ತಯಾರಿಸದೆ ಬರೀ ಪಬ್‌ಗಳನ್ನು ಇಟ್ಟುಕೊಳ್ಳುವ ಕಂಪನಿಗೆ ಅದು ಅನ್ವಯಿಸಲಿಲ್ಲ. ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವ ಜನ ಎಲ್ಲ ದೇಶದಲ್ಲೂ ಇರುತ್ತಾರೆ. 1991ರಲ್ಲಿ ಎಂಟರ್‌ಪ್ರೈಸ್ ಇನ್ಸ್, 1997ರಲ್ಲಿ ಪಂಚ್ ಟ್ಯಾವರ್ನ್ಸ್ ಹುಟ್ಟಿಕೊಂಡವು. ತಯಾರಕರು ಮಾರಿದ ಪಬ್‌ಗಳನ್ನು ಇಂಥ ಕಂಪನಿಗಳು ಸಗಟಾಗಿ ಕೊಂಡವು. 2000ದ ದಶಕದ ಮಧ್ಯದ ಹೊತ್ತಿಗೆ ಈ ಎರಡರ ಕೈಯಲ್ಲೇ ತಲಾ ಎಂಟೊಂಬತ್ತು ಸಾವಿರ ಪಬ್‌ಗಳಿದ್ದವು. ವ್ಯಾಪಾರದ ಭಾಷೆಯಲ್ಲಿ ಇವಕ್ಕೆ ‘ಪಬ್‌ಕೋ’ ಎಂದು ಹೆಸರು.

ಪಬ್‌ಕೋಗಳು ಈ ಖರೀದಿ ಮಾಡಿದ್ದು ಸ್ವಂತ ದುಡ್ಡಿನಲ್ಲಿ ಅಲ್ಲ. ಬಾಡಿಗೆದಾರರಿಂದ ಮುಂದೆ ಬರಬೇಕಾದ ಆದಾಯವನ್ನೇ ಆಧಾರವಾಗಿಟ್ಟು ಬಾಂಡ್‌ಗಳ ಮೂಲಕ ಭಾರಿ ಸಾಲ ಎತ್ತಿದವು. ಸಾಲಕ್ಕೆ ಆಧಾರ ಆದಾಯವಾದಾಗ ಪಬ್ಬಿನೊಳಗಿನ ಪ್ರತಿಯೊಂದು ಮೂಲೆಯೂ ಆದಾಯ ಕೊಡಬೇಕಾಗುತ್ತದೆ. ಕಟ್ಟಡದ ಬಾಡಿಗೆ ಒಂದು, ಬಿಯರ್ ದರದಲ್ಲಿ ಸೇರಿಸಿದ ಲಾಭ ಇನ್ನೊಂದು, ಯಂತ್ರದ ಪಾಲು ಮತ್ತೊಂದು. ಕಂಪನಿಗಳ ದುರಾಸೆಯೇ ಎಲ್ಲಕ್ಕೂ ಕಾರಣ ಎನ್ನುವವರು ಈ ಸಾಲದ ಲೆಕ್ಕವನ್ನು ಮರೆಯುತ್ತಾರೆ. ಒಮ್ಮೆ ಯಂತ್ರದ ಆದಾಯ ಬಾಂಡ್ ಕೊಂಡವರ ಲೆಕ್ಕಪತ್ರಕ್ಕೆ ಸೇರಿತೆಂದರೆ ಅದನ್ನು ಬಿಟ್ಟುಕೊಡುವ ಸ್ವಾತಂತ್ರ್ಯ ಪಬ್‌ಕೋದ ವ್ಯವಸ್ಥಾಪಕನಿಗೂ ಇರುವುದಿಲ್ಲ.

ಈಗ ಮೂಲೆಯ ಯಂತ್ರದ ಹತ್ತಿರ ಬರೋಣ. ಟೈ ಇರುವ ಪಬ್ಬಿನಲ್ಲಿ ಒಡೆಯ ಕಂಪನಿ ಕೆಲವು ಪೂರೈಕೆದಾರರನ್ನು ಗೊತ್ತುಮಾಡಿರುತ್ತದೆ. ಯಂತ್ರ ಅವರದು. ಬಾಡಿಗೆದಾರ ವಾರದ ಬಾಡಿಗೆ ಕೊಡುತ್ತಾನೆ. ಪೂರೈಕೆದಾರರ ಕಡೆಯವನು ಬಂದು ಪೆಟ್ಟಿಗೆ ತೆರೆದು ನಾಣ್ಯ ಎಣಿಸುತ್ತಾನೆ. ತೆರಿಗೆ, ಯಂತ್ರದ ಬಾಡಿಗೆ ಕಳೆದು ಉಳಿದದ್ದರಲ್ಲಿ ಪಬ್‌ಕೋಗೆ ಅರ್ಧ, ಬಾಡಿಗೆದಾರನಿಗೆ ಅರ್ಧ. ಇದು ಬಹುಕಾಲ ನಡೆದುಬಂದ ಸಾಮಾನ್ಯ ಪದ್ಧತಿ. 2013ರ ಫೆಬ್ರುವರಿ 1ರಿಂದ ಬಂದ ಯಂತ್ರ ಆಟಗಳ ಸುಂಕದ ಪ್ರಕಾರ ಈ ವರ್ಗದ ಯಂತ್ರಗಳ ನಿವ್ವಳ ಗಳಿಕೆಯ ಮೇಲೆ ಶೇ 20ರಷ್ಟು ಸುಂಕ ಕಟ್ಟಬೇಕು. ಬಾಡಿಗೆಗೆ ಕೊಟ್ಟ ಪಬ್ಬಿನಲ್ಲಿ ಆ ಸುಂಕಕ್ಕೆ ಹೆಸರು ನೋಂದಾಯಿಸಿ, ಲೆಕ್ಕ ಒಪ್ಪಿಸಿ, ಹಣ ಕಟ್ಟಬೇಕಾದವನು ಬಾಡಿಗೆದಾರ. ಹದಿನೆಂಟು ತುಂಬದವರು ಯಂತ್ರ ಮುಟ್ಟದಂತೆ ನೋಡಿಕೊಳ್ಳುವ ಹೊಣೆಯೂ ಅವನದೇ. ಯಂತ್ರ ನಿಂತ ಜಾಗಕ್ಕೆ ಬಾಡಿಗೆ ಕಟ್ಟುವವನೂ ಅವನೇ, ಅದು ಹಗಲಿರುಳು ಮಿನುಗುವ ದೀಪಗಳಿಗೆ ಕರೆಂಟ್ ಬಿಲ್ ಕಟ್ಟುವವನೂ ಅವನೇ.

ಲೆಕ್ಕ ಹಾಕಿ ನೋಡಿದರೆ ವಿಷಯ ತಿಳಿಯಾಗುತ್ತದೆ. ಇದು ಉದಾಹರಣೆಗೆ ಹಿಡಿದ ಲೆಕ್ಕ, ಯಾವುದೇ ಒಂದು ಪಬ್ಬಿನದಲ್ಲ. ವಾರಕ್ಕೆ ಯಂತ್ರದಲ್ಲಿ ಗೆದ್ದವರಿಗೆ ಕೊಟ್ಟು 200 ಪೌಂಡ್ ಉಳಿಯಿತು ಎಂದಿಟ್ಟುಕೊಳ್ಳೋಣ. ಸುಂಕ 40 ಹೋಯಿತು. ಯಂತ್ರದ ಬಾಡಿಗೆ 50 ಎಂದಿಟ್ಟುಕೊಂಡರೆ ಉಳಿಯುವುದು 110. ಅದರಲ್ಲಿ ಬಾಡಿಗೆದಾರನಿಗೆ 55, ಪಬ್‌ಕೋಗೆ 55. ಇಲ್ಲಿಗೆ ಮುಗಿದಿದ್ದರೆ ‘ಅರ್ಧರ್ಧ, ಆಗಲಿ’ ಎನ್ನಬಹುದಿತ್ತು. ಆದರೆ ಕಟ್ಟಡದ ಬಾಡಿಗೆಯನ್ನು ಗೊತ್ತುಮಾಡುವ ಪದ್ಧತಿ ಬೇರೊಂದಿದೆ. ಒಬ್ಬ ಸಮರ್ಥ ಬಾಡಿಗೆದಾರ ಆ ಪಬ್ಬಿನಲ್ಲಿ ಎಷ್ಟು ಲಾಭ ಗಳಿಸಬಲ್ಲ ಎಂದು ಅಂದಾಜು ಮಾಡಿ, ಆ ಲಾಭವನ್ನು ಇಬ್ಬರ ನಡುವೆ ಹಂಚುತ್ತಾರೆ. ಹಂಚಿಕೆ ಬಹುಮಟ್ಟಿಗೆ ಅರ್ಧರ್ಧದ ಆಸುಪಾಸಿನಲ್ಲೇ ಇರುತ್ತಿತ್ತು. ಯಂತ್ರದಿಂದ ಬಾಡಿಗೆದಾರನ ಕೈಗೆ ಬಂದ 55 ಪೌಂಡನ್ನೂ ಆ ಲಾಭದೊಳಗೆ ಸೇರಿಸಿದರೆ ಅದರ ಅರ್ಧ, ಅಂದರೆ 27.50 ಪೌಂಡ್, ಬಾಡಿಗೆಯ ರೂಪದಲ್ಲಿ ಮತ್ತೆ ಒಡೆಯನ ಕಡೆಗೆ ಹೋಗುತ್ತದೆ. ಕೊನೆಗೆ 110ರಲ್ಲಿ ಪಬ್‌ಕೋಗೆ 82.50, ಬಾಡಿಗೆದಾರನಿಗೆ 27.50. ಮುಕ್ಕಾಲು ಪಾಲು ಹೋದದ್ದು ಯಂತ್ರವನ್ನು ಒಮ್ಮೆಯೂ ಒರೆಸದವರಿಗೆ. ಒಂದೇ ಆದಾಯದ ಮೇಲೆ ಎರಡು ಸಲ ಕೈಹಾಕುವ ಈ ಕ್ರಮವೇ ಬಾಡಿಗೆದಾರರ ಸಿಟ್ಟಿನ ಮೂಲ.

ಸಂಸತ್ತಿಗೆ ಇದು ಹೊಸದೇನಲ್ಲ. 2004ರ ಡಿಸೆಂಬರಿನಲ್ಲಿ ಹೌಸ್ ಆಫ್ ಕಾಮನ್ಸ್‌ನ ವ್ಯಾಪಾರ ಮತ್ತು ಕೈಗಾರಿಕಾ ಸಮಿತಿ ಪಬ್‌ಕೋಗಳ ಬಗ್ಗೆ ವರದಿ ಕೊಟ್ಟಿತು. ಯಂತ್ರಗಳ ಗಳಿಕೆಯಲ್ಲಿ ಅರ್ಧ ಪಾಲು ಕೇಳುವುದನ್ನು ಸಮರ್ಥಿಸುವಷ್ಟು ಲಾಭವನ್ನು ಪಬ್‌ಕೋಗಳು ಮಾಡಿಕೊಡುತ್ತಿವೆ ಎಂಬುದು ಮನವರಿಕೆಯಾಗಲಿಲ್ಲ, ಆದ್ದರಿಂದ ಯಂತ್ರಗಳ ಟೈ ತೆಗೆದುಹಾಕಬೇಕು ಎಂದು ಅದು ಶಿಫಾರಸು ಮಾಡಿತು. ಆ ಶಿಫಾರಸಿಗೆ ಕಾನೂನಿನ ಬಲ ಬರಲಿಲ್ಲ. ಕಂಪನಿಗಳು ಸ್ವಯಂಪ್ರೇರಿತ ನೀತಿಸಂಹಿತೆಯ ಮೂಲಕ ತಾವೇ ಸರಿಪಡಿಸಿಕೊಳ್ಳುತ್ತವೆ ಎಂಬ ನಂಬಿಕೆಯಲ್ಲಿ ವರ್ಷಗಳು ಉರುಳಿದವು. 2009ರಲ್ಲಿ ಮತ್ತೊಂದು ಸಂಸದೀಯ ಸಮಿತಿ ಅದೇ ನೆಲವನ್ನು ಮತ್ತೆ ಉಳಬೇಕಾಯಿತು. ಸಮೀಕ್ಷೆಗೆ ಉತ್ತರಿಸಿದ ಪಬ್ ಬಾಡಿಗೆದಾರರಲ್ಲಿ ಶೇ 67ರಷ್ಟು ಜನ ವರ್ಷಕ್ಕೆ 15,000 ಪೌಂಡ್‌ಗಿಂತ ಕಡಿಮೆ ಗಳಿಸುತ್ತಿದ್ದಾರೆ ಎಂಬ ಸಂಗತಿ ಅದರ ವರದಿಯಲ್ಲಿತ್ತು. ವರ್ಷಕ್ಕೆ ಐದು ಲಕ್ಷ ಪೌಂಡ್‌ಗಿಂತ ಹೆಚ್ಚು ವಹಿವಾಟು ಇದ್ದ ಪಬ್‌ಗಳಲ್ಲೂ ಅರ್ಧಕ್ಕಿಂತ ಹೆಚ್ಚು ಜನರ ಪಾಡು ಅದೇ ಆಗಿತ್ತು. ಅಷ್ಟು ದೊಡ್ಡ ವಹಿವಾಟು, ಇಷ್ಟು ಸಣ್ಣ ಸಂಪಾದನೆ. ನಡುವಿನ ಹಣ ಹರಿದುಹೋದ ಕಾಲುವೆಗಳಲ್ಲಿ ಯಂತ್ರವೂ ಒಂದು.

ಜೂಜುಯಂತ್ರ ಕಣ್ಣಿಗೆ ಕಾಣುವ ಉಪಕರಣ. ನೆಲಮಾಳಿಗೆಯ ಮೀಟರಿನ ಕಥೆ ಇದಕ್ಕಿಂತ ಗಂಭೀರವಾದದ್ದು.

ಪಬ್ಬಿನ ಕೌಂಟರಿನ ಮೇಲೆ ಕಾಣುವ ನಲ್ಲಿಯಿಂದ ಒಂದು ಸಣ್ಣ ಪೈಪು ಕೆಳಗಿಳಿದು ನೆಲಮಾಳಿಗೆಯ ಕೆಗ್‌ವರೆಗೆ ಹೋಗುತ್ತದೆ. ಕೆಗ್ ಎಂದರೆ ಬಿಯರ್ ತುಂಬಿದ ಲೋಹದ ಪೀಪಾಯಿ, ಒಂದರಲ್ಲಿ 11 ಗ್ಯಾಲನ್, 88 ಪಿಂಟ್ (ಒಂದು ಪಿಂಟ್ ಅರ್ಧ ಲೀಟರಿಗಿಂತ ತುಸು ಹೆಚ್ಚು). ಬಾಡಿಗೆದಾರ ಹೊರಗಿನಿಂದ ಅಗ್ಗದ ಬಿಯರ್ ತಂದು ಮಾರುತ್ತಿದ್ದಾನೆಯೇ ಎಂಬ ಅನುಮಾನ ಪಬ್‌ಕೋಗೆ ಸದಾ ಇರುತ್ತದೆ. ಟೈ ಇರುವ ಬಿಯರ್ ಮತ್ತು ಮುಕ್ತ ಮಾರುಕಟ್ಟೆಯ ಬಿಯರ್ ನಡುವೆ ದರದ ಅಂತರ ದೊಡ್ಡದಾಗಿರುವುದರಿಂದ ಆ ಅನುಮಾನ ಆಧಾರವಿಲ್ಲದ್ದೇನಲ್ಲ. ಇದನ್ನು ಹಿಡಿಯಲು ಪೈಪಿಗೆ ಹರಿವಿನ ಮೀಟರ್ ಅಳವಡಿಸುತ್ತಾರೆ. ದ್ರವ ಹರಿದಾಗ ಒಳಗಿನ ಪುಟ್ಟ ಚಕ್ರ ತಿರುಗಿ ಎಣಿಕೆ ಕಳುಹಿಸುತ್ತದೆ. ಮಾಹಿತಿ ದೂರದ ಕಚೇರಿಗೆ ಹೋಗುತ್ತದೆ. ಅಲ್ಲಿ ಪಬ್‌ಕೋ ಪೂರೈಸಿದ ಬಿಯರ್ ಎಷ್ಟು, ಪೈಪಿನಲ್ಲಿ ಹರಿದದ್ದು ಎಷ್ಟು ಎಂದು ತಾಳೆ ನೋಡುತ್ತಾರೆ. ಹರಿದದ್ದು ಹೆಚ್ಚಿದ್ದರೆ ವ್ಯತ್ಯಾಸ ಹೊರಗಿನ ಮಾಲು ಎಂದು ಅರ್ಥ. ಅದಕ್ಕೆ ದಂಡ. ಈ ಕ್ಷೇತ್ರದಲ್ಲಿ ಹೆಸರು ಮಾಡಿದ ಕಂಪನಿ ಬ್ರೂಲೈನ್ಸ್, ನಂತರ ವಿಯಾನೆಟ್ ಎಂದು ಹೆಸರು ಬದಲಿಸಿಕೊಂಡಿತು.

ಕಾಗದದ ಮೇಲೆ ಇದು ಸರಳ. ನೆಲಮಾಳಿಗೆಯಲ್ಲಿ ಅಲ್ಲ. ಬಿಯರ್ ಪೈಪುಗಳನ್ನು ವಾರಕ್ಕೊಮ್ಮೆ ತೊಳೆಯುವುದು ರೂಢಿ. ತೊಳೆಯದಿದ್ದರೆ ಪೈಪಿನೊಳಗೆ ಯೀಸ್ಟ್ ಕಟ್ಟಿಕೊಂಡು ಬಿಯರ್ ಹುಳಿಯಾಗುತ್ತದೆ. ಮೊದಲು ನೀರು ಬಿಡಬೇಕು, ಆಮೇಲೆ ತೊಳೆಯುವ ದ್ರಾವಣ, ಅದು ಸ್ವಲ್ಪ ಹೊತ್ತು ನಿಲ್ಲಬೇಕು, ಮತ್ತೆ ದ್ರಾವಣದ ವಾಸನೆ ಹೋಗುವವರೆಗೆ ನೀರು. ಇದೆಲ್ಲ ಹರಿಯುವುದು ಅದೇ ಪೈಪಿನಲ್ಲಿ, ಅದೇ ಮೀಟರಿನ ಮೂಲಕ. ಎಂಟು ಪೈಪುಗಳಿರುವ ಪಬ್ಬಿನಲ್ಲಿ ಪ್ರತಿಯೊಂದಕ್ಕೂ ಹತ್ತು ಪಿಂಟಿನಷ್ಟು ನೀರು ಹರಿಯಿತು ಎಂದುಕೊಳ್ಳಿ. ವಾರಕ್ಕೆ 80 ಪಿಂಟ್, ವರ್ಷಕ್ಕೆ 4,160 ಪಿಂಟ್, ಅಂದರೆ ಹೆಚ್ಚುಕಡಿಮೆ 47 ಕೆಗ್. ಈ ನೀರನ್ನು ಬಿಯರಿನಿಂದ ಬೇರ್ಪಡಿಸಿ ನೋಡುತ್ತೇವೆ, ತೊಳೆಯುವ ಹರಿವಿನ ಮಾದರಿಯೇ ಬೇರೆ ಎಂದು ಮೀಟರಿನವರು ಹೇಳುತ್ತಾರೆ. ಸರಿ, ಬಹುಪಾಲು ಸರಿಯಾಗಿಯೇ ಬೇರ್ಪಟ್ಟಿತು ಎಂದಿಟ್ಟುಕೊಳ್ಳೋಣ. ನೂರಕ್ಕೆ ಐದು ಪಾಲು ನೀರು ಬಿಯರಿನ ಖಾತೆಗೆ ಸೇರಿದರೂ ವರ್ಷಕ್ಕೆ ಎರಡು ಕೆಗ್ಗಿನ ಮೇಲಾಯಿತು. ಕೆಗ್ ಬದಲಿಸುವಾಗ ಉಕ್ಕುವ ನೊರೆ, ಪೈಪಿನಲ್ಲಿ ಸೇರುವ ಅನಿಲ, ಬಿಸಿಲುಗಾಲದಲ್ಲಿ ಕೂಲರ್ ಕೈಕೊಟ್ಟಾಗ ಸುರಿದುಹೋಗುವ ಬಿಯರ್ ಇವೆಲ್ಲ ಬೇರೆ.

ಇಲ್ಲಿ ಮುಖ್ಯ ಪ್ರಶ್ನೆ ಮೀಟರ್ ಎಷ್ಟು ನಿಖರ ಎಂಬುದಲ್ಲ. ನಿಖರವಾಗಿದೆಯೇ ಎಂದು ಪರೀಕ್ಷಿಸುವ ಅಧಿಕಾರ ಯಾರಿಗಿದೆ ಎಂಬುದು. ಮೀಟರ್ ಹಾಕಿಸಿದ್ದು ಪಬ್‌ಕೋ. ಅದನ್ನು ಓದುವವರು ಪಬ್‌ಕೋದಿಂದ ಹಣ ಪಡೆಯುವವರು. ಇದು ನೀರು, ಇದು ಬಿಯರ್ ಎಂದು ವಿಂಗಡಿಸುವವರೂ ಅವರೇ. ವ್ಯತ್ಯಾಸ ಕಂಡರೆ ನೋಟಿಸು ಬರುವುದು ಬಾಡಿಗೆದಾರನಿಗೆ. ‘ನಾನು ಹೊರಗಿನಿಂದ ತಂದಿಲ್ಲ’ ಎಂದು ಸಾಬೀತು ಮಾಡುವುದು ಹೇಗೆ? ಮಾಡದೆ ಇದ್ದ ಕೆಲಸಕ್ಕೆ ರಸೀದಿ ಇರುವುದಿಲ್ಲ. ಪಬ್ಬನ್ನೇ ಮನೆ ಮಾಡಿಕೊಂಡು ಮೇಲಿನ ಮಹಡಿಯಲ್ಲಿ ಸಂಸಾರ ನಡೆಸುವ ಬಾಡಿಗೆದಾರನಿಗೆ ಕರಾರು ರದ್ದಾಗುವುದೆಂದರೆ ಕೆಲಸ ಮತ್ತು ಸೂರು ಎರಡನ್ನೂ ಒಟ್ಟಿಗೆ ಕಳೆದುಕೊಂಡಂತೆ. ಹಾಗಾಗಿ ವಕೀಲರ ಖರ್ಚಿಗಿಂತ ದಂಡವೇ ಅಗ್ಗ ಎಂದು ಕಟ್ಟಿ ಕೈತೊಳೆದುಕೊಳ್ಳುವ ಒತ್ತಡ ಇಂಥ ವ್ಯವಸ್ಥೆಯೊಳಗೇ ಇದೆ.

ಇದರಲ್ಲಿ ಒಂದು ವಿಚಿತ್ರವಿದೆ. ಗಿರಾಕಿಯ ಮುಂದೆ ಇಡುವ ಪಿಂಟ್ ಗ್ಲಾಸಿನ ಮೇಲೆ ಸರ್ಕಾರಿ ಮುದ್ರೆ ಇರಲೇಬೇಕು. 1985ರ ತೂಕ ಮತ್ತು ಅಳತೆ ಕಾಯ್ದೆ ಅಷ್ಟು ಕಟ್ಟುನಿಟ್ಟು. ಆದರೆ ಅದೇ ಬಿಯರನ್ನು ನೆಲಮಾಳಿಗೆಯಲ್ಲಿ ಅಳೆದು ಸಾವಿರಾರು ಪೌಂಡ್ ದಂಡಕ್ಕೆ ಆಧಾರವಾಗುವ ಮೀಟರಿಗೆ ಆ ಮುದ್ರೆ ಬೇಕಿಲ್ಲ. ಅಲ್ಲಿನ ರಾಷ್ಟ್ರೀಯ ಅಳತೆ ಕಚೇರಿಯ ಮುಂದೆ ಈ ಪ್ರಶ್ನೆ ಬಂದಾಗ, ಇದು ‘ವ್ಯಾಪಾರಕ್ಕೆ ಬಳಸುವ’ ಅಳತೆಯ ಸಾಧನವಲ್ಲ ಎಂಬ ನಿಲುವನ್ನು ಅದು ತೆಗೆದುಕೊಂಡಿತು. ಮೀಟರಿನಿಂದ ಬಿಯರ್ ಮಾರುತ್ತಿಲ್ಲ, ಬರೀ ನಿಗಾ ಇಡಲಾಗುತ್ತಿದೆ ಎಂಬುದು ಅದರ ಹಿಂದಿನ ತರ್ಕ. ಕಾನೂನಿನ ಅಕ್ಷರಕ್ಕೆ ಅದು ಸರಿ ಇರಬಹುದು. ದಂಡ ಕಟ್ಟಿದವನಿಗೆ ಆ ಸೂಕ್ಷ್ಮ ವ್ಯತ್ಯಾಸದಿಂದ ಏನು ಸಮಾಧಾನ?

ಬ್ರಿಟನ್ನಿನಲ್ಲಿ ಇಂಥದೇ ಇನ್ನೊಂದು ಪ್ರಕರಣ ಇತ್ತೀಚೆಗೆ ದೇಶವನ್ನೇ ಅಲುಗಾಡಿಸಿತು. ಅಂಚೆ ಕಚೇರಿಯ ‘ಹೊರೈಜನ್’ ಕಂಪ್ಯೂಟರ್ ವ್ಯವಸ್ಥೆ ತಪ್ಪು ಲೆಕ್ಕ ತೋರಿಸಿದ್ದರಿಂದ 900ಕ್ಕೂ ಹೆಚ್ಚು ಉಪ ಅಂಚೆಪಾಲಕರು ಕಳ್ಳತನ, ವಂಚನೆಯ ಆರೋಪದಲ್ಲಿ ಶಿಕ್ಷೆಗೊಳಗಾದರು. ಅವರಿಗೆ ನ್ಯಾಯ ಕೊಡಲು 2024ರಲ್ಲಿ ಸಂಸತ್ತು ವಿಶೇಷ ಕಾನೂನನ್ನೇ ತರಬೇಕಾಯಿತು. ಪಬ್ಬಿನ ಮೀಟರನ್ನು ಅದಕ್ಕೆ ಸರಿಸಮ ಎನ್ನಲಾರೆ. ಇಲ್ಲಿ ಯಾರನ್ನೂ ಮೀಟರಿನ ಮಾತು ನಂಬಿ ಜೈಲಿಗೆ ಕಳಿಸುತ್ತಿರಲಿಲ್ಲ. ಆದರೆ ಹುಳುಕು ಒಂದೇ ಜಾತಿಯದು: ಬಲವಿದ್ದವನು ತಂದಿಟ್ಟ ಯಂತ್ರ ಹೇಳಿದ್ದು ಸತ್ಯ, ಅದರ ಒಳಗನ್ನು ನೋಡಲಾಗದವನು ಅಪರಾಧಿ.

ಇಷ್ಟಾದ ಮೇಲೆ ಪಬ್‌ಕೋಗಳ ಮಾತನ್ನೂ ಕೇಳಬೇಕು. ಟೈ ಇರುವುದರಿಂದಲೇ ಕೈಯಲ್ಲಿ ದೊಡ್ಡ ಬಂಡವಾಳವಿಲ್ಲದ ಮನುಷ್ಯನೂ ಪಬ್ ನಡೆಸಲು ಸಾಧ್ಯ ಎಂಬುದು ಅವರ ಮೊದಲ ವಾದ, ಅದು ಸುಳ್ಳಲ್ಲ. ಸಾವಿರಾರು ಪಬ್‌ಗಳ ಪರವಾಗಿ ಚೌಕಾಸಿ ಮಾಡಿದರೆ ಯಂತ್ರದ ಬಾಡಿಗೆ ಇಳಿಯುತ್ತದೆ, ಹೊಸ ಮಾದರಿಗಳು ಬೇಗ ಸಿಗುತ್ತವೆ, ಗಳಿಕೆ ಕಡಿಮೆಯಾದ ಯಂತ್ರವನ್ನು ಬದಲಿಸುತ್ತಾರೆ. ಒಂಟಿ ಬಾಡಿಗೆದಾರನಿಗೆ ಪೂರೈಕೆದಾರರು ಹಳೆಯ ಯಂತ್ರ ತಂದು ನಿಲ್ಲಿಸಿ ಹೋಗುವ ಅಪಾಯವೂ ಉಂಟು. ಇಂಥ ಅನುಕೂಲಗಳಿಗೆಲ್ಲ ಸೇರಿಸಿ ವ್ಯಾಪಾರದವರು ‘ಸ್ಕಾರ್ಫಾ’ ಎನ್ನುತ್ತಾರೆ, ಟೈ ಒಪ್ಪಿಕೊಂಡದ್ದಕ್ಕೆ ಬಾಡಿಗೆದಾರನಿಗೆ ಸಿಗುವ ವಿಶೇಷ ವಾಣಿಜ್ಯ ಲಾಭಗಳು ಎಂಬರ್ಥದಲ್ಲಿ. 2009ರಲ್ಲಿ ಕುಡಿಯುವವರ ಸಂಘಟನೆ ಕ್ಯಾಮ್ರಾ ವಿಶೇಷ ದೂರು ಕೊಟ್ಟಾಗ, ಸ್ಪರ್ಧೆಯ ಮೇಲೆ ನಿಗಾ ಇಡುತ್ತಿದ್ದ ಸರ್ಕಾರಿ ಸಂಸ್ಥೆಯಾದ ನ್ಯಾಯಸಮ್ಮತ ವ್ಯಾಪಾರ ಕಚೇರಿ ಅದನ್ನು ಪರಿಶೀಲಿಸಿ, ಗ್ರಾಹಕರ ಮಟ್ಟದಲ್ಲಿ ಸ್ಪರ್ಧೆಗೆ ಧಕ್ಕೆಯಾಗಿದೆ ಎನ್ನುವಂಥದ್ದೇನೂ ಕಾಣಲಿಲ್ಲ ಎಂದಿತು. ಒಂದು ಬೀದಿಯಲ್ಲಿ ನಾಲ್ಕು ಪಬ್‌ಗಳಿದ್ದರೆ ಕುಡಿಯುವವನಿಗೆ ಆಯ್ಕೆ ಇದ್ದೇ ಇದೆಯಲ್ಲ!

ಈ ವಾದ ಎಡವುವುದು ಎಲ್ಲಿ ಎಂದರೆ, ಅನುಕೂಲ ನಿಜವಾಗಿದ್ದರೆ ಅದನ್ನು ಬಲವಂತವಾಗಿ ಕೊಡಬೇಕಾಗಿಲ್ಲ. ಪಬ್‌ಕೋ ಚೌಕಾಸಿ ಮಾಡಿ ತಂದ ಯಂತ್ರ ಅಷ್ಟು ಲಾಭದಾಯಕವಾಗಿದ್ದರೆ ಬಾಡಿಗೆದಾರ ತಾನಾಗಿಯೇ ಅದನ್ನು ಆರಿಸಿಕೊಳ್ಳುತ್ತಾನೆ. ಕರಾರಿನಲ್ಲಿ ‘ಇದನ್ನೇ’ ಎಂದು ಬರೆಸಿಕೊಳ್ಳುವ ಅಗತ್ಯ ಬೀಳುವುದು ಬಿಟ್ಟರೆ ಅವನು ಬೇರೆ ಕಡೆ ಹೋಗುತ್ತಾನೆ ಎಂಬ ಭಯ ಇದ್ದಾಗ. ಸ್ಪರ್ಧಾ ಕಾನೂನು ಕೇಳುವ ಪ್ರಶ್ನೆಯೂ ಬೇರೆಯೇ. ಅದು ಮಾರುಕಟ್ಟೆಯನ್ನು ಗ್ರಾಹಕನ ಕಣ್ಣಿನಿಂದ ನೋಡುತ್ತದೆ. ಕರಾರಿನ ಎರಡು ಕಡೆಯವರಲ್ಲಿ ಒಬ್ಬನ ಕುತ್ತಿಗೆ ಎಷ್ಟು ಬಿಗಿದಿದೆ ಎಂದು ನೋಡುವುದು ಅದರ ಕೆಲಸವಲ್ಲ.

ಹಾಗೆ ನೋಡುವ ಕಾನೂನು ಬರಲು 2014ರ ನವೆಂಬರ್ 18ರವರೆಗೆ ಕಾಯಬೇಕಾಯಿತು. ಅಂದು ಲಿಬರಲ್ ಡೆಮಾಕ್ರಟ್ ಸಂಸದ ಗ್ರೆಗ್ ಮಲ್‌ಹಾಲಂಡ್ ತಂದ ತಿದ್ದುಪಡಿ 269ರ ವಿರುದ್ಧ 284 ಮತಗಳಿಂದ ಗೆದ್ದಿತು. ಸೋತದ್ದು ಅವರದೇ ಪಕ್ಷ ಪಾಲುದಾರನಾಗಿದ್ದ ಸಮ್ಮಿಶ್ರ ಸರ್ಕಾರ. 2015ರ ಸಣ್ಣ ಉದ್ಯಮಗಳ ಕಾಯ್ದೆಯಲ್ಲಿ ಪಬ್‌ಗಳಿಗಾಗಿ ಒಂದು ಪ್ರತ್ಯೇಕ ಭಾಗವೇ ಸೇರಿತು. 2016ರ ಜುಲೈ 21ರಂದು ಪಬ್ ಸಂಹಿತೆ ಜಾರಿಗೆ ಬಂತು, ಅದನ್ನು ನೋಡಿಕೊಳ್ಳಲು ಒಬ್ಬ ತೀರ್ಪುಗಾರರ ನೇಮಕವಾಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 500 ಅಥವಾ ಅದಕ್ಕಿಂತ ಹೆಚ್ಚು ಟೈ ಪಬ್‌ಗಳಿರುವ ಕಂಪನಿಗಳು ಇದರ ವ್ಯಾಪ್ತಿಗೆ ಬರುತ್ತವೆ. ಆರಂಭದಲ್ಲಿ ಅಂಥವು ಆರಿದ್ದವು.

ಉಪಕರಣಗಳ ಮಟ್ಟಿಗೆ ಸಂಹಿತೆ ಮಾಡಿದ್ದು ಕಡಿಮೆಯೇನಲ್ಲ. ಹೊಸ ಕರಾರುಗಳಲ್ಲಿ ಜೂಜುಯಂತ್ರವನ್ನು ಇಂಥವರಿಂದಲೇ ಕೊಳ್ಳಬೇಕು ಅಥವಾ ಬಾಡಿಗೆಗೆ ಪಡೆಯಬೇಕು ಎಂದು ಒತ್ತಾಯಿಸುವಂತಿಲ್ಲ. ಹರಿವಿನ ಮೀಟರಿನ ಲೆಕ್ಕವೊಂದನ್ನೇ ಆಧಾರ ಮಾಡಿಕೊಂಡು ದಂಡ ಹಾಕುವಂತಿಲ್ಲ, ಅದಕ್ಕೆ ಪೂರಕವಾದ ಬೇರೆ ಸಾಕ್ಷ್ಯ ಬೇಕು. ಬಾಡಿಗೆಯ ಪ್ರಸ್ತಾವ ಮುಂದಿಡುವಾಗ ಯಾವ ಅಂಕಿ ಎಲ್ಲಿಂದ ಬಂತು ಎಂಬುದನ್ನು ತೋರಿಸಬೇಕು. ಟೈ ಬೇಡ, ಮಾರುಕಟ್ಟೆ ದರದ ಬಾಡಿಗೆ ಮಾತ್ರ ಕಟ್ಟುತ್ತೇನೆ ಎಂದು ನಿಗದಿತ ಸಂದರ್ಭಗಳಲ್ಲಿ ಕೇಳುವ ಹಕ್ಕು ಬಾಡಿಗೆದಾರನಿಗೆ ಬಂತು. ಹಾಗೆ ಕೇಳಿ ಪಡೆದ ಕರಾರಿನಲ್ಲಿ ಕಟ್ಟಡದ ವಿಮೆಗೆ ಸಂಬಂಧಿಸಿದ್ದನ್ನು ಬಿಟ್ಟು ಯಾವ ಸರಕಿನ, ಯಾವ ಸೇವೆಯ ಟೈ ಕೂಡ ಇರಕೂಡದು.

ಕಾನೂನು ಬರೀ ಗೋಡೆಗೆ ಹಾಕಿದ ಚಿತ್ರವಾಗಿ ಉಳಿಯಲಿಲ್ಲ ಎನ್ನುವುದಕ್ಕೆ 2020ರ ಅಕ್ಟೋಬರಿನ ಒಂದು ಆದೇಶ ಸಾಕ್ಷಿ. ಹೈನೆಕೆನ್ ಒಡೆತನದ ಸ್ಟಾರ್ ಪಬ್ಸ್ ಟೈ ಇಲ್ಲದ ಮುಕ್ತ ಕರಾರು ಕೇಳಿದ ಬಾಡಿಗೆದಾರರ ಮೇಲೆ ತನ್ನದೇ ಬಿಯರನ್ನು ಅತಿಯಾಗಿ ಹೇರಲು ಹೊರಟಿತ್ತೆಂದು ತೀರ್ಪುಗಾರರಾದ ಫಿಯೋನಾ ಡಿಕ್ಕಿ ಅದಕ್ಕೆ 20 ಲಕ್ಷ ಪೌಂಡ್ ದಂಡ ವಿಧಿಸಿದರು. ಟೈ ಬಾಗಿಲಿನಿಂದ ಹೊರಹೋದರೆ ಕಿಟಕಿಯಿಂದ ಒಳಬರಲು ನೋಡುತ್ತದೆ ಎಂಬುದನ್ನು ಅಧಿಕೃತವಾಗಿ ಒಪ್ಪಿಕೊಂಡ ಪ್ರಕರಣವದು.

ಉಪಕರಣಗಳ ವಿಷಯದಲ್ಲಿ ಆ ಕಿಟಕಿ ಎಂದರೆ ಬಾಡಿಗೆಯ ಲೆಕ್ಕ. ಯಂತ್ರದ ಟೈ ಬೇಡ ಎಂದ ಬಾಡಿಗೆದಾರನಿಗೆ ಯಂತ್ರದ ಪೂರ್ತಿ ಆದಾಯ ಸಿಗುತ್ತದೆ, ನಿಜ. ಮೇಲಿನ ಉದಾಹರಣೆಯ 110 ಪೌಂಡೂ ಅವನದೇ. ಆದರೆ ಬಾಡಿಗೆ ಮರುನಿಗದಿಯ ದಿನ ಆ 110 ಅವನ ಲಾಭದ ಪಟ್ಟಿಯಲ್ಲಿ ಕುಳಿತಿರುತ್ತದೆ. ಅರ್ಧರ್ಧ ಹಂಚಿದರೆ 55 ಬಾಡಿಗೆಯಾಗಿ ಹೋಗುತ್ತದೆ. 27.50ಕ್ಕಿಂತ 55 ಉತ್ತಮ, ಅದರಲ್ಲಿ ಎರಡು ಮಾತಿಲ್ಲ. ಜೊತೆಗೆ ಅಪಾಯ ಯಾರ ಮೇಲೆ ಬಿತ್ತು ಎಂಬುದನ್ನೂ ನೋಡಬೇಕು. ಪಾಲು ಹಂಚಿಕೊಳ್ಳುವಾಗ ಯಂತ್ರದ ಗಳಿಕೆ ಇಳಿದರೆ ಪಬ್‌ಕೋದ ಪಾಲೂ ಇಳಿಯುತ್ತಿತ್ತು. ಅದು ಬಾಡಿಗೆಯಾಗಿ ಗಟ್ಟಿಯಾದ ಮೇಲೆ ಗಿರಾಕಿ ಮೊಬೈಲಿನಲ್ಲಿ ಜೂಜಾಡಲು ಹೋದರೂ ಮೂಲೆಯ ಯಂತ್ರ ಖಾಲಿ ನಿಂತರೂ ಬಾಡಿಗೆ ಮಾತ್ರ ಹಾಗೆಯೇ ಇರುತ್ತದೆ, ಮುಂದಿನ ಮರುನಿಗದಿಯವರೆಗೆ. ಹೀಗಾಗಿ ಯಂತ್ರದ ಟೈ ಮಾತ್ರ ತೆಗೆದು ಬಾಡಿಗೆಯ ಸೂತ್ರವನ್ನು ಮುಟ್ಟದ ಸುಧಾರಣೆ ಅರ್ಧ ಸುಧಾರಣೆ ಎಂದೇ ನಾನು ಹೇಳುತ್ತೇನೆ. ಹಂಚಿಕೆಯ ಪ್ರಮಾಣದ ಬಗ್ಗೆ ಬಾಡಿಗೆದಾರ ವಾದಿಸಬಲ್ಲ. ಅದಕ್ಕೆ ಅಂಕಿಅಂಶ ಬೇಕು, ಬಾಡಿಗೆಯ ಲೆಕ್ಕ ಬಲ್ಲ ಸರ್ವೇಯರ್ ಬೇಕು, ಎರಡಕ್ಕೂ ಹಣ ಬೇಕು.

ಕೂಲರ್ ಮತ್ತು ನಲ್ಲಿಗಳದು ಇನ್ನೂ ಸೂಕ್ಷ್ಮ. ಬ್ರಿಟನ್ನಿನಲ್ಲಿ ದೊಡ್ಡ ಬಿಯರ್ ತಯಾರಕರೇ ಇವನ್ನು ಪುಕ್ಕಟೆಯಾಗಿ ಅಳವಡಿಸಿ ರಿಪೇರಿಯನ್ನೂ ಮಾಡಿಕೊಡುವುದು ವಾಡಿಕೆ. ಪುಕ್ಕಟೆ ಎಂದರೆ ಖರ್ಚು ಬಿಯರಿನ ದರದಲ್ಲಿ ಸೇರಿದೆ ಎಂದಷ್ಟೇ. ನಲ್ಲಿ ಯಾರದೋ, ಬಿಯರೂ ಅವರದೇ ಎಂಬ ಸ್ಥಿತಿಯಲ್ಲಿ ಪಕ್ಕದ ಊರಿನ ಸಣ್ಣ ತಯಾರಕ ಒಳ್ಳೆಯ ಬಿಯರ್ ತಂದರೂ ಅದನ್ನು ಸುರಿಯಲು ಕೌಂಟರಿನಲ್ಲಿ ಖಾಲಿ ನಲ್ಲಿ ಇರಬೇಕಲ್ಲ. ಕಾನೂನಿನ ಕಣ್ಣಿಗೆ ಅದು ಟೈ ಅಲ್ಲ. ಪರಿಣಾಮದಲ್ಲಿ ಅದಕ್ಕೂ ಟೈಗೂ ಹೆಚ್ಚು ದೂರವಿಲ್ಲ.

ಉಪಕರಣವೇ ಬೇಲಿಯಾಗುವ ಈ ಸಂಗತಿಯನ್ನು ಯುರೋಪಿನ ನ್ಯಾಯಾಲಯಗಳು ಪಬ್ಬಿನಲ್ಲಲ್ಲ, ಐಸ್‌ಕ್ರೀಮ್ ಅಂಗಡಿಯಲ್ಲಿ ಗುರುತಿಸಿದವು. ಐರ್ಲೆಂಡಿನಲ್ಲಿ ಎಚ್‌ಬಿ ಎಂಬ ಐಸ್‌ಕ್ರೀಮ್ ಕಂಪನಿ ಅಂಗಡಿಗಳಿಗೆ ಫ್ರೀಜರ್ ಕೊಡುತ್ತಿತ್ತು, ಅದರಲ್ಲಿ ತನ್ನ ಐಸ್‌ಕ್ರೀಮ್ ಮಾತ್ರ ಇಡಬೇಕೆಂಬ ಷರತ್ತಿನ ಮೇಲೆ. ಬೇರೆಯವರ ಸರಕು ಮಾರಬೇಡ ಎಂದು ಅದು ಎಲ್ಲಿಯೂ ಹೇಳಿರಲಿಲ್ಲ. ಆದರೆ ಸಣ್ಣ ಅಂಗಡಿಯಲ್ಲಿ ಎರಡನೇ ಫ್ರೀಜರ್ ಇಡಲು ಜಾಗವೆಲ್ಲಿದೆ? ಮಾರ್ಸ್ ಕಂಪನಿ ತಕರಾರು ತೆಗೆದ ಮೇಲೆ 1998ರಲ್ಲಿ ಯುರೋಪಿಯನ್ ಆಯೋಗ ಆ ಷರತ್ತನ್ನು ಸ್ಪರ್ಧೆಗೆ ವಿರುದ್ಧ ಎಂದಿತು, 2003ರಲ್ಲಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. 2005ರಲ್ಲಿ ಕೋಕಾ-ಕೋಲಾ ತನ್ನ ಫ್ರಿಜ್‌ಗಳಲ್ಲಿ ಶೇ 20ರಷ್ಟು ಜಾಗವನ್ನು ಬೇರೆಯವರ ಪಾನೀಯಕ್ಕೆ ಬಿಡಲು ಯುರೋಪಿನಲ್ಲಿ ಒಪ್ಪಿಕೊಂಡಿತು. ನಮ್ಮೂರಿನ ದಿನಸಿ ಅಂಗಡಿಗಳ ಮುಂದೆ ನಿಂತ ಬಣ್ಣಬಣ್ಣದ ಫ್ರಿಜ್‌ಗಳನ್ನು ನೋಡಿದವರಿಗೆ ಈ ಪ್ರಶ್ನೆ ದೂರದ್ದೇನೂ ಅಲ್ಲ. ಭಾರತದ 2002ರ ಸ್ಪರ್ಧಾ ಕಾಯ್ದೆಯ 3(4)ನೇ ಕಲಂ ಒಂದರ ಜೊತೆ ಇನ್ನೊಂದನ್ನು ಕಟ್ಟುವ ಒಪ್ಪಂದಗಳ ಬಗ್ಗೆ ಮಾತನಾಡುತ್ತದೆ. ಸ್ಪರ್ಧೆಗೆ ಗಣನೀಯ ಧಕ್ಕೆಯಾಗಿದೆ ಎಂದು ತೋರಿಸಿದರೆ ಮಾತ್ರ ಅದು ತಪ್ಪು. ಕರ್ನಾಟಕದ ಮದ್ಯದಂಗಡಿಗಳಿಗೆ ಬ್ರಿಟನ್ನಿನ ಮಾದರಿಯ ಬಿಯರ್ ಟೈ ಅಂಟದಿರಲು ಕಾರಣ ಬೇರೆ. ಇಲ್ಲಿ ತಯಾರಕ ಮತ್ತು ಮಾರಾಟಗಾರನ ನಡುವೆ ರಾಜ್ಯ ಪಾನೀಯ ನಿಗಮ ನಿಂತಿದೆ, ಸರಬರಾಜು ಅದರ ಮೂಲಕವೇ ಆಗಬೇಕು.

ಬ್ರಿಟನ್ನಿನಲ್ಲಿ ಮುಂದೇನು ಎಂಬುದನ್ನು ನೋಡಲು ಸ್ಕಾಟ್ಲೆಂಡಿನ ಕಡೆ ತಿರುಗಬೇಕು. ಅಲ್ಲಿನ ಸಂಸತ್ತು 2021ರಲ್ಲಿ, ನೀಲ್ ಬಿಬ್ಬಿ ತಂದ ಖಾಸಗಿ ಮಸೂದೆಯ ಮೂಲಕ, ತನ್ನದೇ ಟೈ ಪಬ್ ಕಾಯ್ದೆ ಮಾಡಿತು. ಪಬ್ ಕಂಪನಿಗಳು ನ್ಯಾಯಾಲಯದ ಮೆಟ್ಟಿಲೇರಿದವು. ಸಂಹಿತೆ ಜಾರಿಗೆ ಬರುವ ಹೊತ್ತಿಗೆ 2025ರ ಮಾರ್ಚ್ 31 ಆಗಿತ್ತು. ಇಂಗ್ಲೆಂಡಿನ 500 ಪಬ್‌ಗಳ ಮಿತಿಯನ್ನು ಸ್ಕಾಟ್ಲೆಂಡ್ ಇಟ್ಟುಕೊಳ್ಳಲಿಲ್ಲ. ಅಂದರೆ ಗಡಿಯ ಉತ್ತರಕ್ಕೆ ಹತ್ತು ಪಬ್‌ಗಳ ಒಡೆಯನೂ ಸಂಹಿತೆಗೆ ಬದ್ಧ. ಗಡಿಯ ದಕ್ಷಿಣಕ್ಕೆ 499 ಪಬ್‌ಗಳಿರುವ ಕಂಪನಿಯ ಬಾಡಿಗೆದಾರ ಕೈಯಲ್ಲಿ ನೋಟಿಸು ಹಿಡಿದು ನಿಂತರೂ, ಮೀಟರ್ ಒಂದನ್ನೇ ನಂಬಬಾರದೆಂಬ ಆ ಶಾಸನಬದ್ಧ ನಿಯಮ ಅವನ ನೆರವಿಗೆ ಬರುವುದಿಲ್ಲ.